ಹೈಲ್‌ಬ್ರೋನ್‌ಗೆ ಕಾಂಕ್ರೀಟ್ ದೋಣಿಯೊಡನೆ

ಬುಧವಾರ, 26 ಜೂನ್ 2019 – ಡ್ರೆಸ್ಡನ್

ಹೈಲ್‌ಬ್ರೋನ್‌ನಲ್ಲಿ ನಡೆಯುವ ವಿದ್ಯಾರ್ಥಿಗಳ ಕಾಂಕ್ರೀಟ್ ದೋಣಿ ಸ್ಪರ್ಧೆಗೆಂದು, ಇಲ್ಲಿ ಓದುವ ನನ್ನ ತಮ್ಮನ ಮಗಳ ತಂಡ ಕಟ್ಟಿದ ದೋಣಿಯನ್ನು ಬೋರಲು ಹಾಕಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಇರಿಸಿದ್ದರು. ಐದು ಮೀಟರಿಗೆ ತುಸು ಹೆಚ್ಚು ಉದ್ದ, ನಡುವೆ ಮುಕ್ಕಾಲು ಮೀಟರ್ ಅಗಲ, ತಿಳಿ ಬೂದು ಬಣ್ಣ. ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಎಂದಿತು. ತೊಲೆ, ಕಂಬ, ತಾರಸಿ, ನಾಲೆಯ ಲೈನಿಂಗ್ ಎಂದು ಕೆಲಸದ ಬದುಕನ್ನೆಲ್ಲ ಕಾಂಕ್ರೀಟಿನ ಪಕ್ಕದಲ್ಲೇ ಸವೆಸಿದವನು ನಾನು. ಹೀಗೆ ಸದ್ದು ಮಾಡುವ ಕಾಂಕ್ರೀಟು ನನ್ನ ಕೈಗೆ ಸಿಕ್ಕಿರಲಿಲ್ಲ.

“ಎಷ್ಟು ದಪ್ಪ?” ಎಂದೆ.

“ಆರು ಮಿಲಿಮೀಟರ್ ದೊಡ್ಡಪ್ಪ. ತಳದಲ್ಲಿ ಮಾತ್ರ ಎಂಟು,” ಎಂದಳು ತಮ್ಮನ ಮಗಳು.

ನಮ್ಮ ಕಡೆ ಸ್ಲ್ಯಾಬಿನ ಸರಳು ತುಕ್ಕು ಹಿಡಿಯದಿರಲಿ ಎಂದು ಅದರ ಕೆಳಗೆ ಬಿಡುವ ಕವರ್ ಒಂದೇ ಇಪ್ಪತ್ತು ಮಿಲಿಮೀಟರ್ ಇರಬೇಕು. ಇವರು ಅದರ ಮೂರನೇ ಒಂದು ಪಾಲಿನಲ್ಲಿ ಇಡೀ ದೋಣಿಯನ್ನೇ ಮುಗಿಸಿದ್ದಾರೆ.

ಗುಟ್ಟು ಒಳಗಿನ ಬಲೆಯಲ್ಲಿದೆ. ಕಬ್ಬಿಣದ ಸರಳಿನ ಬದಲು ಕಾರ್ಬನ್ ನೂಲಿನಿಂದ ಹೆಣೆದ ಜಾಲರಿ. ಕಾರ್ಬನ್ನಿಗೆ ತುಕ್ಕಿನ ಭಯವಿಲ್ಲ. ಆದ್ದರಿಂದ ಅದನ್ನು ಕಾಂಕ್ರೀಟಿನೊಳಗೆ ಆಳದಲ್ಲಿ ಹುದುಗಿಸಿಡುವ ಅಗತ್ಯವೂ ಇಲ್ಲ. ಈ ಜವಳಿ ಕಾಂಕ್ರೀಟಿನ ಮೇಲೆ ಡ್ರೆಸ್ಡನ್‌ನಲ್ಲಿ ಬಹುಕಾಲದಿಂದ ಸಂಶೋಧನೆ ನಡೆದಿದೆ. 2016ರಲ್ಲಿ ಜರ್ಮನಿಯ ರಾಷ್ಟ್ರಾಧ್ಯಕ್ಷರು ಕೊಡುವ ತಂತ್ರಜ್ಞಾನ ಪ್ರಶಸ್ತಿ ಈ ಊರಿನ ಕಾರ್ಬನ್ ಕಾಂಕ್ರೀಟ್ ತಂಡಕ್ಕೇ ಬಂದಿತು. ಹಾಗಾಗಿ ಇಲ್ಲಿನ ಹುಡುಗರಿಗೆ ಜಾಲರಿಯ ತುಂಡುಗಳು ಸುಲಭವಾಗಿ ಸಿಗುತ್ತವೆ. ದುಡ್ಡು ಮಾತ್ರ ಸಿಗುವುದಿಲ್ಲ. ಅದಕ್ಕಾಗಿ ಅವರು ಕಂಪನಿಗಳಿಗೆ ಪತ್ರ ಬರೆದು ಕೈಚಾಚಬೇಕು. ದೋಣಿಯ ಮೈಮೇಲಿನ ಸ್ಟಿಕ್ಕರುಗಳೇ ಅದಕ್ಕೆ ಸಾಕ್ಷಿ.

ಎರಕ ಹೊಯ್ದ ದಿನದ ಕಥೆಯನ್ನು ಹುಡುಗಿ ಕೈಯಾಡಿಸುತ್ತ ಹೇಳಿದಳು. ಪ್ಲೈವುಡ್ಡಿನ ಪಕ್ಕೆಲುಬುಗಳ ನಡುವೆ ಥರ್ಮಾಕೋಲ್ ತುಂಬಿ, ಉಜ್ಜಿ ನಯಗೊಳಿಸಿ, ಎಣ್ಣೆ ಸವರಿ ಅಚ್ಚು ಮಾಡಿಕೊಂಡಿದ್ದರು. ಜಲ್ಲಿ ಎಂಬುದೇ ಇಲ್ಲ. ಒಂದು ಮಿಲಿಮೀಟರಿಗಿಂತ ದಪ್ಪದ ಕಾಳು ಇರದಂತೆ ಜರಡಿ ಹಿಡಿದ ಮರಳು, ಸಿಮೆಂಟು, ಹಾರುಬೂದಿ, ಸಿಲಿಕಾ ಪುಡಿ. ಇಡ್ಲಿ ಹಿಟ್ಟಿನ ಹದಕ್ಕೆ ಬಂದ ಗಾರೆಯನ್ನು ಕರಣೆಯಿಂದ ಎರಡು ಮಿಲಿಮೀಟರ್ ಬಳಿಯುವುದು, ಮೇಲೆ ಜಾಲರಿ ಹಾಸಿ ಒತ್ತುವುದು, ಮತ್ತೆ ಬಳಿಯುವುದು. ಒಂದು ಪದರ ಗಟ್ಟಿಯಾಗುವ ಮೊದಲೇ ಮುಂದಿನದು ಬೀಳಬೇಕು. ಇಲ್ಲವಾದರೆ ಪದರಗಳು ಬೆಸೆಯುವುದಿಲ್ಲ. ಅಂದಮೇಲೆ ಊಟಕ್ಕೆ ಏಳುವಂತಿಲ್ಲ. ಒಬ್ಬನ ಕೆಲಸವೇ ಮೊನಚು ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ದಪ್ಪ ಅಳೆಯುವುದು. ಅವನನ್ನು ಕಂಡರೆ ಎಲ್ಲರಿಗೂ ಸಿಟ್ಟು. ಅದಾದ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಸರದಿಯ ಮೇಲೆ ಕ್ಯೂರಿಂಗ್. ರಾತ್ರಿ ಪಾಳಿಯವರು ಬಟ್ಟೆ ಒಣಗಲು ಬಿಟ್ಟರೆ ಬೆಳಿಗ್ಗೆ ಪಂಚಾಯಿತಿ.

ನಾನು ಓದಿದ ಕಾಲೇಜಿನಲ್ಲಿ ನಾವು ಮಾಡಿದ್ದು ಕಾಂಕ್ರೀಟಿನ ಘನವನ್ನು ಒತ್ತಿ ಬಲ ನೋಡುವ ಕ್ಯೂಬ್ ಪರೀಕ್ಷೆ. ಅಚ್ಚಿಗೆ ಕಾಂಕ್ರೀಟ್ ತುಂಬಿದ್ದೂ ಅಟೆಂಡರೇ, ನೀರಿನ ತೊಟ್ಟಿಗೆ ಇಳಿಸಿದ್ದೂ ಅವರೇ. ಇಪ್ಪತ್ತೆಂಟನೆಯ ದಿನದ ಬಲವನ್ನು ಹಿಂದಿನ ವರ್ಷದವರ ಜರ್ನಲ್ಲಿನಿಂದ ಇಳಿಸಿಕೊಂಡು ಅಂಕ ಪಡೆದವರು ನಮ್ಮಲ್ಲಿ ಬಹಳ ಮಂದಿ. ನೀರು ಹೆಚ್ಚಾದರೆ ಕಾಂಕ್ರೀಟ್ ಸೋರುತ್ತದೆ ಎಂದು ಪುಸ್ತಕದಲ್ಲಿ ಓದುವುದು ಬೇರೆ. ಆ ಕಾಂಕ್ರೀಟಿನ ಮೇಲೆ ಮಂಡಿಯೂರಿ ನದಿಯ ನಡುವೆ ಕುಳಿತಿರುವುದು ಬೇರೆ.

ಸಂಜೆ ತೂಕ ನೋಡಿದರು: 71 ಕಿಲೋ. ಇಬ್ಬರು ಕುಳಿತರೆ ಒಟ್ಟು ಇನ್ನೂರು ಕಿಲೋ ಎನ್ನಿ. ಇನ್ನೂರು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ತೇಲುತ್ತದೆ. ಆರ್ಕಿಮಿಡೀಸನ ಲೆಕ್ಕಕ್ಕೆ ಅದು ಸಿಮೆಂಟೋ ಮರವೋ ಎಂಬುದು ಬೇಕಿಲ್ಲ. ನಾಲ್ವರು ಎತ್ತಿ ಟ್ರೇಲರಿನ ಫೋಮ್ ಹಾಸಿಗೆಯಲ್ಲಿ ಮಲಗಿಸಿ ಪಟ್ಟಿ ಬಿಗಿದರು. ಬಿಗಿದ ಪಟ್ಟಿಯನ್ನು ತಂಡದ ನಾಯಕಿ ಬಂದು, ದೋಣಿ ಬಿರಿಯದಿರಲೆಂದು, ಎರಡು ಹಲ್ಲು ಸಡಿಲಿಸಿದಳು. ಅವಳ ಮೇಲೆ ನನಗೆ ಆಗಲೇ ಗೌರವ ಹುಟ್ಟಿತು.

ಗುರುವಾರ, 27 ಜೂನ್ – ಹೆದ್ದಾರಿಯಲ್ಲಿ

ಯುರೋಪಿನಲ್ಲಿ ಈ ವಾರ ಸುಡುಬಿಸಿಲು. ನಿನ್ನೆ ಬ್ರಾಂಡೆನ್‌ಬುರ್ಗ್ ರಾಜ್ಯದ ಹಳ್ಳಿಯೊಂದರಲ್ಲಿ 38.6 ಡಿಗ್ರಿ ಮುಟ್ಟಿ, ಜರ್ಮನಿಯ ಜೂನ್ ತಿಂಗಳ ದಾಖಲೆ ಮುರಿಯಿತು. ಬಳ್ಳಾರಿಯಲ್ಲಿ ಬೇಸಿಗೆ ಕಳೆದವನಿಗೆ ಇದೇನು ಮಹಾ ಎಂದುಕೊಂಡಿದ್ದೆ. ಆದರೆ ಇಲ್ಲಿನ ಮನೆಗಳಲ್ಲಿ ಫ್ಯಾನೂ ಇಲ್ಲ, ನಮ್ಮ ಬಾಡಿಗೆ ವ್ಯಾನಿನ ಎ.ಸಿ. ಹೆಸರಿಗಷ್ಟೇ.

ರೇಡಿಯೋದಲ್ಲಿ ಬಂದ ಸುದ್ದಿಯನ್ನು ಹುಡುಗಿ ಅನುವಾದಿಸಿ ಹೇಳಿದಳು. ಪಕ್ಕದ ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯದಲ್ಲಿ ಆಟೋಬಾನ್ ಎಂಬ ಕೆಲವು ಹೆದ್ದಾರಿಗಳ ಮೇಲೆ ವೇಗಮಿತಿ ಹೇರಿದ್ದಾರಂತೆ. ಬಿಸಿಲಿಗೆ ರಸ್ತೆಯ ಕಾಂಕ್ರೀಟ್ ಹಲಗೆಗಳು ಹಿಗ್ಗುತ್ತವೆ. ಸಂದುಗಳಲ್ಲಿ ಹಿಗ್ಗಲು ಜಾಗ ಸಾಲದಿದ್ದರೆ ಎರಡು ಹಲಗೆಗಳು ಒಂದನ್ನೊಂದು ದೂಡಿಕೊಂಡು ಚಾವಣಿಯಾಕಾರದಲ್ಲಿ ಮೇಲೇಳುತ್ತವೆ, ಕೆಲವೊಮ್ಮೆ ಸಿಡಿಯುತ್ತವೆ. ಜರ್ಮನ್ನರಿಗೆ ಆಟೋಬಾನ್‌ನಲ್ಲಿ ವೇಗಮಿತಿ ಹೇರುವುದು ಸಣ್ಣ ವಿಷಯವಲ್ಲ. ಕಾಂಕ್ರೀಟೇ ಬೇಡಿದ್ದಕ್ಕೆ ಮಣಿದರು. ನಮಗಂತೂ ವ್ಯತ್ಯಾಸವಿರಲಿಲ್ಲ, ಟ್ರೇಲರ್ ಕಟ್ಟಿಕೊಂಡ ವಾಹನ ಗಂಟೆಗೆ 80 ಕಿಲೋಮೀಟರ್ ಮೀರುವಂತಿಲ್ಲ. ಲಾರಿಗಳ ಹಿಂದೆ ತೆವಳಿದೆವು.

ಕೆಮ್ನಿಟ್ಸ್ ದಾಟಿ ಎ72 ಹಿಡಿದು ನೈರುತ್ಯಕ್ಕೆ ಹೋದರೆ ಪ್ಲಾವೆನ್ ಆದಮೇಲೆ ಪಿರ್ಕ್ ಎಂಬಲ್ಲಿ ಎಲ್‌ಸ್ಟರ್ ನದಿಯ ಕಣಿವೆಗೆ ಕಟ್ಟಿದ ಕಮಾನು ಸೇತುವೆ ಇದೆ. ಮೇಲೆ ಹೋಗುವವರಿಗೆ ಅದು ಸೇತುವೆಯೆಂದೂ ತಿಳಿಯುವುದಿಲ್ಲ. ಹಿಟ್ಲರನ ಕಾಲದಲ್ಲಿ ಶುರುವಾದ ಕೆಲಸ ಯುದ್ಧದಿಂದಾಗಿ 1940ರಲ್ಲಿ ನಿಂತಿತು. ಆಮೇಲೆ ದೇಶವೇ ಎರಡಾಯಿತು, ಗಡಿ ಹತ್ತಿರದಲ್ಲೇ ಬಂತು, ಅರೆಬರೆ ಸೇತುವೆಯಿಂದ ಯಾರಿಗೂ ಪ್ರಯೋಜನವಿರಲಿಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ ಕೈಗೆತ್ತಿಕೊಂಡು 1992ರಲ್ಲಿ ಮುಗಿಸಿದರು. ನಮ್ಮಲ್ಲೂ ಅರ್ಧಕ್ಕೆ ನಿಂತ ಸೇತುವೆಗಳಿಗೆ ಬರವಿಲ್ಲ. ಆದರೆ ಅವಕ್ಕೆ ಇಷ್ಟು ದೊಡ್ಡ ನೆಪ ಇರುವುದಿಲ್ಲ.

ಹೋಫ್, ಬೈರಾಯ್ಟ್, ನ್ಯೂರೆಂಬರ್ಗ್. ಈ ಭಾಗದ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಮೆಕ್ಕೆಜೋಳ, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿ, ಗಾಳಿಯಂತ್ರ, ಪೆಟ್ರೋಲ್ ಬಂಕು.

ಎ6ರಲ್ಲಿ ಪಶ್ಚಿಮಕ್ಕೆ ಹೋಗುವಾಗ ಕೋಖರ್ ಕಣಿವೆಯ ಸೇತುವೆ ಬರುತ್ತದೆ ಎಂದು ನಕ್ಷೆಯಲ್ಲಿ ನೋಡಿಕೊಂಡಿದ್ದೆ. ಇಳಿದು ಕೆಳಗಿನಿಂದ ನೋಡಲೇಬೇಕು ಎಂದು ಹಟ ಹಿಡಿದೆ. ಹುಡುಗರು ಗೊಣಗಿದರೂ ಗಾಯ್ಸ್‌ಲಿಂಗನ್ ಹಳ್ಳಿಯತ್ತ ವ್ಯಾನನ್ನು ಇಳಿಸಿದರು. ಕೆಳಗೆ ನಿಂತು ಕತ್ತೆತ್ತಿದ ಮೇಲೆ ಅವರ ಗೊಣಗಾಟ ನಿಂತಿತು. ಕಣಿವೆಯ ತಳದಿಂದ ರಸ್ತೆಗೆ 185 ಮೀಟರ್. ಜರ್ಮನಿಯಲ್ಲಿ ಇದಕ್ಕಿಂತ ಎತ್ತರದ ಸೇತುವೆ ಇಲ್ಲ. 1979ರಲ್ಲಿ ಮುಗಿದದ್ದು, ಉದ್ದ 1128 ಮೀಟರ್. ಮೇಲೇರಿದಂತೆ ಸಪೂರವಾಗುವ ಟೊಳ್ಳು ಕಂಬಗಳು, ಅವುಗಳ ಮೇಲೆ ಒಂದೇ ಒಂದು ಪೆಟ್ಟಿಗೆ ತೊಲೆ, ಅದರ ಎರಡೂ ಬದಿಗೆ ರೆಕ್ಕೆ ಚಾಚಿ ಊರುಗಂಬಗಳ ಮೇಲೆ ನಿಂತ ರಸ್ತೆ. ಒಂದು ಸಾಲಿನ ಕಂಬದಲ್ಲಿ ಇಡೀ ಹೆದ್ದಾರಿಯನ್ನು ಹೊತ್ತಿದ್ದಾರೆ. ಮೇಲೆ ಹೋಗುವ ಲಾರಿಗಳ ಸದ್ದು ಕೆಳಗೆ ಕೇಳಿಸುವುದೇ ಇಲ್ಲ. ಲೈಪ್‌ಜಿಗ್ ಕಡೆಯ ಉದ್ದನೆಯ ಹುಡುಗನೊಬ್ಬ ಕಂಬದ ಬುಡಕ್ಕೆ ಹೋಗಿ, ಶಟರಿಂಗಿನ ಗುರುತುಗಳನ್ನು ಬೆರಳಿನಲ್ಲಿ ಸವರಿ, ಒಂದೊಂದು ಹಂತದಲ್ಲಿ ಎಷ್ಟು ಎತ್ತರ ಏರಿಸಿದ್ದಾರೆಂದು ಗೇಣಿನಲ್ಲಿ ಅಳೆಯತೊಡಗಿದ. ದೋಣಿಯಲ್ಲಿ ಕಡ್ಡಿ ಚುಚ್ಚಿ ದಪ್ಪ ನೋಡುತ್ತಿದ್ದವನು ಇವನೇ ಎಂದು ಆಮೇಲೆ ತಿಳಿಯಿತು.

ಸಂಜೆ ಹೈಲ್‌ಬ್ರೋನ್. ನೆಕರ್ ನದಿಯ ದಂಡೆಯ ವೆರ್ಟ್‌ವೀಸನ್ ಉದ್ಯಾನದಲ್ಲಿ ಡೇರೆಗಳು ಏಳುತ್ತಿದ್ದವು. ದೋಣಿಯ ಹೊದಿಕೆ ತೆಗೆದಾಗ ಮೂತಿಯ ಹತ್ತಿರ ಕೂದಲೆಳೆಯಷ್ಟು ಬಿರುಕು. ಯಾರೂ ಯಾರನ್ನೂ ಬೈಯಲಿಲ್ಲ. ನನಗೆ ಅದೇ ವಿಚಿತ್ರವಾಗಿ ಕಂಡಿತು. ನಾಯಕಿ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ, ಮೇಲ್ಮೈ ಒಣಗುವಾಗ ಒದ್ದೆಯ ಗೆರೆ ಎಲ್ಲಿಯವರೆಗೆ ಉಳಿಯುತ್ತದೆಂದು ನೋಡಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ದಿನಾಂಕ ಬರೆದಳು. ಬಿರುಕಿನ ಉದ್ದ, ಅಗಲ, ದಿನಾಂಕ. ಸೈಟಿನಲ್ಲಿ ಕಿರಿಯ ಎಂಜಿನಿಯರುಗಳಿಗೆ ಇದನ್ನು ಕಲಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ರಾತ್ರಿ ಊಟದ ನಂತರ ಪೇಟೆಚೌಕದವರೆಗೆ ನಡೆದೆ. 1944ರ ಡಿಸೆಂಬರ್ 4ರ ರಾತ್ರಿ ಬಾಂಬು ದಾಳಿಯಲ್ಲಿ ಈ ಊರಿನ ಹಳೆಯ ಭಾಗ ಸುಟ್ಟು ಹೋಯಿತು, ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಈಗ ಕಾಣುವುದರಲ್ಲಿ ಬಹುಪಾಲು ಆಮೇಲೆ ಕಟ್ಟಿದ್ದು. ಚೌಕದಲ್ಲಿ ರಾಬರ್ಟ್ ಮೇಯರನ ಪ್ರತಿಮೆ. ಇಲ್ಲೇ 1814ರಲ್ಲಿ ಹುಟ್ಟಿ, ಹಡಗಿನ ವೈದ್ಯನಾಗಿ ಜಾವಾಕ್ಕೆ ಹೋಗಿ, ಉಷ್ಣವಲಯದಲ್ಲಿ ನಾವಿಕರ ಸಿರೆಯ ರಕ್ತ ಹೆಚ್ಚು ಕೆಂಪಾಗಿರುವುದನ್ನು ಕಂಡು, ಅದರ ಜಾಡು ಹಿಡಿದು ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬ ತೀರ್ಮಾನಕ್ಕೆ ಬಂದವನು. ಆ ಸೆಕೆಯಲ್ಲಿ ಅವನ ಮಾತನ್ನು ನಂಬಲು ನನಗೆ ಕಷ್ಟವಾಗಲಿಲ್ಲ.

ಶುಕ್ರವಾರ, 28 ಜೂನ್ – ತೂಕ, ಅಳತೆ, ತಮಾಷೆ

ಜರ್ಮನಿಯ ಸಿಮೆಂಟು ಮತ್ತು ಕಾಂಕ್ರೀಟ್ ಉದ್ಯಮದವರು 1986ರಿಂದ ನಡೆಸಿಕೊಂಡು ಬಂದಿರುವ ಸ್ಪರ್ಧೆ ಇದು. ಈ ಸಲದ್ದು ಹದಿನೇಳನೆಯದು. ಅಮೆರಿಕದಲ್ಲಿ ಇನ್ನೂ ಹಳೆಯದು. 1971ರಲ್ಲಿ ಇಲಿನಾಯ್ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಪರಸ್ಪರ ಪಂಥ ಕಟ್ಟಿ ಕಾಂಕ್ರೀಟ್ ದೋಣಿ ಓಡಿಸಿದರು. 1988ರಿಂದ ಅಲ್ಲಿನ ಸಿವಿಲ್ ಎಂಜಿನಿಯರುಗಳ ಸಂಘ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತಿದೆ. ಮೊದಲ ವರ್ಷ ಗೆದ್ದದ್ದು ಬರ್ಕ್ಲಿಯವರು. 2003ರಿಂದ 2007ರವರೆಗೆ ಐದು ವರ್ಷ ಸತತವಾಗಿ ಗೆದ್ದವರು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನವರು. ಅಲ್ಲಿ ಬಹುಕಾಲ ಅಂಕಗಳನ್ನು ನಾಲ್ಕು ಪಾಲು ಮಾಡುತ್ತಿದ್ದರು: ವರದಿ, ಮೌಖಿಕ ಮಂಡನೆ, ದೋಣಿಯ ಅಂದಚಂದ, ಓಟ. ಹುಟ್ಟು ಹಾಕಲು ಎಷ್ಟೇ ಗಟ್ಟಿಗರಿದ್ದರೂ ಬರೆಯಲು ಬಾರದಿದ್ದರೆ ಗೆಲ್ಲುವಂತಿರಲಿಲ್ಲ. ಟೊಳ್ಳು ಗಾಜಿನ ಸೂಕ್ಷ್ಮ ಗುಂಡುಗಳನ್ನು ಬೆರೆಸಿ ನೀರಿಗಿಂತ ಹಗುರವಾದ ಕಾಂಕ್ರೀಟನ್ನೇ ಅಮೆರಿಕದ ಹುಡುಗರು ತಯಾರಿಸುತ್ತಾರೆ. ಅಂಥ ದೋಣಿಯಲ್ಲಿ ನೀರು ತುಂಬಿಸಿ ಮುಳುಗಿಸಿದರೂ ಮೇಲೆದ್ದು ಬರಬೇಕು. ಅದೇ ಅಲ್ಲಿನ ಮೊದಲ ಪರೀಕ್ಷೆ.

ಇಲ್ಲಿಯ ರೀತಿ ಬೇರೆ. ಓಟಕ್ಕೆ ಒಂದು ಬಹುಮಾನ, ರಚನೆಗೆ ಒಂದು, ರೂಪಕ್ಕೆ ಒಂದು, ಅತಿ ಹಗುರ ದೋಣಿಗೆ ಒಂದು. ಅತಿ ಭಾರದ ದೋಣಿಗೂ ಒಂದು! ಮೊದಲು ಕೇಳಿದಾಗ ನಕ್ಕೆ. ತೂಕದ ಸಾಲಿನಲ್ಲಿ ನಿಂತಾಗ ಅದರ ಜಾಣತನ ಹೊಳೆಯಿತು. ಒಳ್ಳೆಯ ಪ್ರಯೋಗಾಲಯವಿಲ್ಲದ, ಕಾರ್ಬನ್ ಜಾಲರಿ ಕೊಳ್ಳಲಾಗದ ಸಣ್ಣ ಕಾಲೇಜಿನ ತಂಡವೂ ಬೆಟ್ಟದಷ್ಟು ಕಾಂಕ್ರೀಟ್ ಸುರಿದು ಒಂದು ಕೈ ನೋಡಬಹುದು. ನಮ್ಮ ಹಿಂದೆ ನಿಂತಿದ್ದ ತಂಡ ತಂದಿದ್ದ ವಸ್ತುವನ್ನು ಕ್ರೇನಿನಿಂದಲೇ ಇಳಿಸಬೇಕಾಯಿತು. ಗೋಡೆ ಒಂದು ಗೇಣು ದಪ್ಪ. ಅದು ತೇಲುತ್ತದೆಯೇ ಎಂದು ಕೇಳಿದರೆ ಅವರಲ್ಲೊಬ್ಬ ಗಂಭೀರವಾಗಿ, “ಲೆಕ್ಕದ ಪ್ರಕಾರ ತೇಲಬೇಕು,” ಎಂದ.

ಸಾಲಿನಲ್ಲಿ ನಿಂತವರ ಬಾಯಲ್ಲಿ 2017ರ ಕೊಲೋನ್ ಸ್ಪರ್ಧೆಯ ಜ್ಯೂರಿಕ್ ದೋಣಿಯ ಮಾತು ಇನ್ನೂ ಇತ್ತು. ಅಲ್ಲಿನ ಇಟಿಎಚ್ ಸಂಸ್ಥೆಯವರು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ ಅಚ್ಚು ಮುದ್ರಿಸಿ, ಅದರೊಳಗೆ ಉಕ್ಕಿನ ಎಳೆ ಬೆರೆತ ಕಾಂಕ್ರೀಟ್ ಹೊಯ್ದು, ಎಲುಬಿನ ಗೂಡಿನ ರೂಪದ ದೋಣಿ ಮಾಡಿದ್ದರು. ಗೂಡಿನ ಮೇಲೆ ತೆಳುವಾದ ಚರ್ಮ. ನಮ್ಮವರು ಅಸೂಯೆಯಿಂದಲೇ ಹೊಗಳಿದರು.

ತೀರ್ಪುಗಾರರಲ್ಲಿ ಒಬ್ಬರು ನನ್ನ ವಯಸ್ಸಿನವರು. ಮೂತಿಯ ಪೆನ್ಸಿಲ್ ಗುರುತು ಕಂಡು ಬಾಗಿದರು. ಅವರು ಕೇಳುವ ಮೊದಲೇ ನಾಯಕಿ ಬಿರುಕಿನ ಕಥೆಯನ್ನು ಹೇಳಿ ಮುಗಿಸಿದಳು. “ಬೆಳಿಗ್ಗೆಯಿಂದ ಬೆಳೆದಿದೆಯೇ?” ಎಂದು ಕೇಳಿದರಂತೆ. ಇಲ್ಲ ಎಂದಳು. ತಲೆದೂಗಿ ಮುಂದೆ ಹೋದರು. ತುಂಬಿ, ಬಣ್ಣ ಬಳಿದು ಬಚ್ಚಿಡಬಹುದಿತ್ತಲ್ಲ ಎಂದು ನಾನು ಆಮೇಲೆ ಕೆಣಕಿದೆ. “ಬಣ್ಣದ ಕೆಳಗೆ ಬೆಳೆದರೆ ನನಗೇ ಕಾಣುವುದಿಲ್ಲವಲ್ಲ. ನಾಳೆ ಒಳಗೆ ಕೂರುವವಳು ನಾನು,” ಎಂದಳು.

ಮಧ್ಯಾಹ್ನ ಮುಕ್ತ ವಿಭಾಗ. ಇಲ್ಲಿ ದೋಣಿಯ ಆಕಾರ ಇರಲೇಬೇಕೆಂಬ ನಿಯಮವಿಲ್ಲ, ಕಾಂಕ್ರೀಟ್ ಇರಬೇಕು, ತೇಲಬೇಕು. ಸೈಕಲ್ ಪೆಡಲಿನಿಂದ ತಿರುಗುವ ಚಕ್ರದ ತೆಪ್ಪ ಬಂತು, ಕೊಡೆ ನೆಟ್ಟ ಬಿಯರ್ ಮೇಜು ಬಂತು. ಒಂದು ಗುಂಡನೆಯ ಬುಟ್ಟಿ ಬಂದಾಗ ನಾನು ಎದ್ದು ನಿಂತೆ. ಅದು ಥೇಟ್ ನಮ್ಮ ಹಂಪಿಯ ಹರಿಗೋಲು. ಅದರಲ್ಲಿದ್ದ ಇಬ್ಬರಿಗೆ ಹುಟ್ಟನ್ನು ಮುಂದೆ ಎಂಟರ ಆಕಾರದಲ್ಲಿ ಆಡಿಸಬೇಕೆಂಬುದು ಗೊತ್ತಿರಲಿಲ್ಲ. ಇದ್ದಲ್ಲೇ ಗಿರಗಿರನೆ ಸುತ್ತಿದರು. ದಂಡೆಯಿಂದ ನಾನು ಕೈಸನ್ನೆ ಮಾಡಿ ತೋರಿಸಿದೆ. ಅವರು ಸಂತೋಷದಿಂದ ಕೈಬೀಸಿ ಇನ್ನೊಂದು ಸುತ್ತು ತಿರುಗಿದರು.

ಸಂಜೆ ಡೇರೆಯಲ್ಲಿ ಹುಡುಗರಿಗೆ ಲ್ಯಾಂಬೋನ ವಿಷಯ ಹೇಳಿದೆ. ಕಾಂಕ್ರೀಟಿನಲ್ಲಿ ದೋಣಿಯೇ ಎಂದು ಜನ ಮೂಗು ಮುರಿಯುತ್ತಾರೆ. ಆದರೆ ಕಬ್ಬಿಣ ಹುದುಗಿಸಿದ ಸಿಮೆಂಟಿನ ಮೊದಮೊದಲ ವಸ್ತುಗಳಲ್ಲಿ ಒಂದು ದೋಣಿಯೇ. ಫ್ರಾನ್ಸಿನ ದಕ್ಷಿಣದ ಮಿರಾವಾಲ್‌ನಲ್ಲಿ ಜೋಸೆಫ್ ಲೂಯಿ ಲ್ಯಾಂಬೋ ಎಂಬ ಜಮೀನ್ದಾರ 1848ರಲ್ಲಿ ತಂತಿಬಲೆಗೆ ಸಿಮೆಂಟ್ ಗಾರೆ ಮೆತ್ತಿ ದೋಣಿ ಮಾಡಿ ತನ್ನ ಕೊಳದಲ್ಲಿ ಬಿಟ್ಟ. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಜನರ ಮುಂದಿಟ್ಟ. ಒಂದನೇ ಮಹಾಯುದ್ಧದಲ್ಲಿ ಉಕ್ಕು ಸಾಲದಾದಾಗ ಅಮೆರಿಕನ್ನರು ಸಾಗರಕ್ಕೆ ಹೋಗುವ ಹಡಗುಗಳನ್ನೇ ಕಾಂಕ್ರೀಟಿನಲ್ಲಿ ಕಟ್ಟಿದರು. ಅವುಗಳಲ್ಲೊಂದು ಕ್ಯಾಲಿಫೋರ್ನಿಯಾದ ಆಪ್ಟಾಸ್ ಕಡಲತೀರದಲ್ಲಿ ಈಗಲೂ ಒಡೆದು ಕುಳಿತಿದೆ. ಹುಡುಗರು ತದೇಕಚಿತ್ತದಿಂದ ಕೇಳಿದರು ಎಂದುಕೊಂಡಿದ್ದೆ. ಇಬ್ಬರು ನಿದ್ದೆ ಹೋಗಿದ್ದರು.

ಶನಿವಾರ, 29 ಜೂನ್ – ಓಟ

ಮಂಡಿಯ ಕೆಳಗೆ ಫೋಮಿನ ತುಂಡು, ಕೈಯಲ್ಲಿ ಒಂದೇ ಅಲಗಿನ ಹುಟ್ಟು. ಮುಂದೆ ನಾಯಕಿ, ಹಿಂದೆ ತಮ್ಮನ ಮಗಳು. ಮಲೆನಾಡಿನ ಹುಡುಗಿ, ಚಿಕ್ಕಂದಿನಲ್ಲಿ ತುಂಗಾ ನದಿಗೆ ಕಾಲಿಡಲೂ ಅವಳಜ್ಜಿ ಬಿಡುತ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಈಜು ಕಲಿತದ್ದನ್ನು ಅಜ್ಜಿಗೆ ಇನ್ನೂ ಹೇಳಿಲ್ಲ.

ಇಬ್ಬರೂ ಕುಳಿತಾಗ ದೋಣಿಯ ಅಂಚು ನೀರಿನಿಂದ ಒಂದು ಗೇಣಿನಷ್ಟೇ ಮೇಲೆ. ಒಳಗೆ ಮೂತಿಯಲ್ಲೂ ಹಿಂಬದಿಯಲ್ಲೂ ಥರ್ಮಾಕೋಲ್ ತುರುಕಿದ್ದರು. ಮಗುಚಿದರೂ ದೋಣಿ ತಳ ಸೇರಬಾರದು. ಪೆನ್ಸಿಲ್ ಗುರುತಿನ ಹತ್ತಿರ ಒಂದೆರಡು ಹನಿ ಒಸರಿತು. ಅಷ್ಟೆ.

ಹಗುರ ದೋಣಿಗೂ ಭಾರದ ದೋಣಿಗೂ ಓಟದಲ್ಲಿ ಬೇರೆ ಬೇರೆ ಸಂಕಟ. ಹಗುರವಾದದ್ದು ಶಿಳ್ಳೆಗೆ ಚಿಮ್ಮುತ್ತದೆ, ಆದರೆ ಗಾಳಿ ಬೀಸಿದರೆ ಮೂತಿ ತಿರುಗಿಸುತ್ತದೆ, ಕೂತವರ ಪ್ರತಿ ಅಲುಗಾಟಕ್ಕೂ ಓಲಾಡುತ್ತದೆ. ಭಾರದ್ದು ಹೊರಡುವುದೇ ನಿಧಾನ. ಹೊರಟ ಮೇಲೆ ನಿಲ್ಲಿಸುವುದು ಕಷ್ಟ. ನೀಳವಾದ ದೋಣಿ ನೇರ ದಾರಿಯಲ್ಲಿ ಚೆನ್ನ. ತೇಲುಬುರುಡೆಯನ್ನು ಸುತ್ತುವಾಗ ಅದೇ ಉದ್ದ ಶತ್ರು.

ಶಿಳ್ಳೆ ಬಿದ್ದೊಡನೆ ನಮ್ಮವರು ಮುಂದೆ. ಅರ್ಧ ದಾರಿಯವರೆಗೂ ಅರ್ಧ ದೋಣಿಯಷ್ಟು ಅಂತರ ಇಟ್ಟುಕೊಂಡೇ ಹೋದರು. ದಂಡೆಯಲ್ಲಿ ಡೋಲು, ಪೀಪಿ, ಅರಚಾಟ. ನಾನೂ “ಹಾಕೇ, ಹಾಕೇ” ಎಂದು ಕಿರುಚುತ್ತಿದ್ದೆ. ಪಕ್ಕದಲ್ಲಿದ್ದ ಡಚ್ ಹುಡುಗರು ಅದನ್ನೇ ಹಿಡಿದು ತಾಳ ಹಾಕಿದರು. ತಿರುವಿನಲ್ಲಿ ಎಲ್ಲ ಕೆಟ್ಟಿತು. ಹಿಂದೆ ಕೂತವಳು ಹುಟ್ಟನ್ನು ಲಂಬವಾಗಿ ಇಳಿಸಿ ತಡೆ ಕೊಡಬೇಕು, ಮುಂದೆ ಕೂತವಳು ಮೂತಿಯನ್ನು ಒಳಕ್ಕೆ ಸೆಳೆಯಬೇಕು. ಇಬ್ಬರೂ ಒಟ್ಟಿಗೆ ಒಂದೇ ಬದಿಗೆ ಬಾಗಿದರು. ಅಂಚು ನೀರಿಗೆ ತಾಗಿ ಒಂದು ಬಕೆಟ್ಟಿನಷ್ಟು ನೆಕರ್ ಒಳಗೆ ಬಂತು. ಸಾವರಿಸಿಕೊಳ್ಳುವಷ್ಟರಲ್ಲಿ ದೋಣಿ ತುಂಬ ದೂರ ಸುತ್ತಿ, ಎರಡು ತಂಡಗಳು ಒಳಗಿನಿಂದ ನುಸುಳಿ ಹೋದವು. ಮೂರನೆಯವರಾಗಿ ಬಂದರು. ಮುಂದಿನ ಸುತ್ತಿಗೆ ಅದು ಸಾಲಲಿಲ್ಲ.

ಹುಡುಗರ ಸರದಿಯಲ್ಲಿ ದೊಡ್ಡ ಪೆಟ್ಟು. ತಿರುವು ಮುಗಿಸಿ ಬರುವಾಗ ಭಾರದ ದೋಣಿಯೊಂದು ದಾರಿ ತಪ್ಪಿ ಬಂದು ನಮ್ಮದರ ಪಕ್ಕೆಗೆ ಹಾಯಿತು. ಆ ಸದ್ದು ದಂಡೆಗೂ ಕೇಳಿಸಿತು. ನಮ್ಮದು ಎರಡು ತುಂಡಾಯಿತು ಎಂದುಕೊಂಡೆ. ಆಗಲಿಲ್ಲ. ನೀರು ತುಂಬಿ ಅಂಚಿನವರೆಗೆ ಇಳಿದು, ಥರ್ಮಾಕೋಲಿನ ಬಲದಲ್ಲಿ ಅಲ್ಲೇ ನಿಂತಿತು. ಉದ್ದನೆಯ ಹುಡುಗ ಸೊಂಟದವರೆಗೆ ನೀರಿನಲ್ಲಿ ಕುಳಿತೇ ಹುಟ್ಟು ಹಾಕಿದ. ಹಿಂದಿನವನು ನಗುತ್ತ ಕೈಬಿಟ್ಟ. ರಕ್ಷಣಾ ದೋಣಿ ಎಳೆದು ತಂದಿತು. ಭಾರದ ದೋಣಿಯವರು ಓಡಿ ಬಂದು ಕ್ಷಮೆ ಕೇಳಿ ಒಂದು ಪೆಟ್ಟಿಗೆ ಬಿಯರ್ ಇಟ್ಟು ಹೋದರು.

ದಡಕ್ಕೆ ಎತ್ತಿದ ಮೇಲೆ ನಾನು ಕನ್ನಡಕ ಸರಿಮಾಡಿಕೊಂಡು ಕುಳಿತು ನೋಡಿದ್ದು ಆ ಪೆಟ್ಟಿನ ಜಾಗವನ್ನು. ಅಂಗೈ ಅಗಲ ಒಳಕ್ಕೆ ಕುಸಿದಿತ್ತು. ಹೊರಗಿನ ಗಾರೆ ಚಕ್ಕೆಯಾಗಿ ಎದ್ದು, ಕೆಳಗೆ ಕಪ್ಪು ಜಾಲರಿಯ ಚೌಕಗಳು ಕಾಣುತ್ತಿದ್ದವು. ಒಂದೂ ನೂಲು ಕಡಿದಿರಲಿಲ್ಲ. ಆ ಮಧ್ಯದಿಂದ ಸುತ್ತಲೂ ಹೊರಟ ಬಿರುಕುಗಳನ್ನು ಎಣಿಸಲು ಆಗದು. ಒಂದೊಂದೂ ಉಗುರು ಹೊಗದಷ್ಟು ಸಣ್ಣದು. ಬಲವರ್ಧನೆ ಸರಿಯಿಲ್ಲದಿದ್ದರೆ ಪೆಟ್ಟು ಒಂದೇ ಕಡೆ ಸೀಳಿಕೊಂಡು ಬಾಯಿ ಬಿಡುತ್ತದೆ. ಸರಿಯಿದ್ದರೆ ಜಾಲರಿ ಅದನ್ನು ಹಂಚಿಬಿಡುತ್ತದೆ. ನೂರು ಸಣ್ಣ ಬಿರುಕುಗಳು ಸೇರಿ ಆ ಪೆಟ್ಟನ್ನು ಹೀರಿಕೊಳ್ಳುತ್ತವೆ. ತರಗತಿಯಲ್ಲಿ ಇದಕ್ಕೊಂದು ವಕ್ರರೇಖೆ ಬರೆಯುತ್ತಾರೆ. ನಾಯಕಿ ಫೋಟೋ ತೆಗೆದಳು, ತಮ್ಮನ ಮಗಳು ಬಿರುಕುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಂಡಳು. ಸೋತ ಬೇಸರ ಆ ಹೊತ್ತಿಗೆ ಯಾರ ಮುಖದಲ್ಲೂ ಇರಲಿಲ್ಲ. ರಾತ್ರಿ ಬಹುಮಾನ ಹಂಚುವಾಗ ಮಾತ್ರ ಸ್ವಲ್ಪ ಹೊತ್ತು ಬಂತು.

ಊರಿನಿಂದ ತಮ್ಮ ಫೋನು ಮಾಡಿದ. “ಏನಣ್ಣ, ಗೆದ್ದರಾ?”

“ಇಲ್ಲ. ದೋಣಿ ಒಡೆಯಿತು.”

“ಅಯ್ಯೋ!”

“ಒಳ್ಳೆಯ ರೀತಿಯಲ್ಲಿ ಒಡೆಯಿತು,” ಎಂದೆ. ಅವನು ಬ್ಯಾಂಕಿನವನು, ಬಿಡಿಸಿ ಹೇಳಲು ಹೋಗಲಿಲ್ಲ.

ಭಾನುವಾರ, 30 ಜೂನ್ – ತೋಟಗಾರಿಕೆ ಮೇಳದಲ್ಲಿ

ಈ ವರ್ಷದ ರಾಷ್ಟ್ರೀಯ ತೋಟಗಾರಿಕೆ ಪ್ರದರ್ಶನ ಹೈಲ್‌ಬ್ರೋನ್‌ನಲ್ಲೇ. ಹೂವುಗಳನ್ನು ನಾನು ಅಷ್ಟಾಗಿ ನೋಡಲಿಲ್ಲ. ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದವರು ಕಟ್ಟಿದ ಎರಡು ಮಂಟಪಗಳ ಮುಂದೆಯೇ ಬೆಳಗು ಕಳೆಯಿತು. ಒಂದು ಮರದ್ದು: ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಚಿಪ್ಪಿನ ರಚನೆಯನ್ನು ನೋಡಿ ಕಲಿತು, ರೋಬೋಟಿನಿಂದ ಮಾಡಿಸಿದ 376 ಟೊಳ್ಳು ಮರದ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟಿದ ಚಾವಣಿ. ಇನ್ನೊಂದು ಬರಿಯ ನೂಲಿನದು. ಗಾಜಿನ ಬಿಳಿ ನೂಲಿನ ಮೇಲೆ ಕಾರ್ಬನ್ನಿನ ಕರಿ ನೂಲನ್ನು ರೋಬೋಟ್ ಸುತ್ತಿ ಸುತ್ತಿ ಮಾಡಿದ ಅರವತ್ತು ತುಂಡುಗಳು, 23 ಮೀಟರ್ ಹರವು, ನಡುವೆ ಒಂದು ಕಂಬವಿಲ್ಲ. ಚದರ ಮೀಟರಿಗೆ 7.6 ಕಿಲೋ ಎಂದು ಫಲಕದಲ್ಲಿತ್ತು. ನಮ್ಮ ನಾಲ್ಕೂವರೆ ಅಂಗುಲದ ಸ್ಲ್ಯಾಬು ಅಷ್ಟೇ ಜಾಗಕ್ಕೆ ಇನ್ನೂರೆಂಬತ್ತು ಕಿಲೋ ತೂಗುತ್ತದೆ. ದೋಣಿಯಲ್ಲಿ ಗಾರೆಯ ಕೆಳಗೆ ಅಡಗಿದ್ದ ನೂಲು ಇಲ್ಲಿ ಬಯಲಿನಲ್ಲಿ ನಿಂತಿತ್ತು. ಹುಡುಗರು ತಲೆ ಎತ್ತಿ, ಯಾವ ಎಳೆ ಎಳೆತದಲ್ಲಿದೆ, ಯಾವುದು ಒತ್ತಡದಲ್ಲಿದೆ ಎಂದು ವಾದಕ್ಕೆ ಬಿದ್ದರು. ಮಳೆಯೂ ಬಿಸಿಲೂ ಸೇರಿ ಈ ಅಂಟನ್ನು ಐವತ್ತು ವರ್ಷ ಬಾಳಗೊಡುತ್ತವೆಯೇ ಎಂಬ ನನ್ನ ಅನುಮಾನವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ದಿನ ಬೆರ್ನ್‌ಬುರ್ಗ್‌ನಲ್ಲಿ 39.6 ಡಿಗ್ರಿ. ಬುಧವಾರದ ದಾಖಲೆ ನಾಲ್ಕೇ ದಿನ ಬಾಳಿತು.

ಒಡೆದ ದೋಣಿಯನ್ನು ಏನು ಮಾಡುವುದೆಂದು ಮಧ್ಯಾಹ್ನ ಟ್ರೇಲರಿನ ಪಕ್ಕದಲ್ಲೇ ಸಭೆ ನಡೆಯಿತು. ತೇಪೆ ಹಾಕಿ ವಿಭಾಗದ ಅಂಗಳದಲ್ಲಿ ಹೂಕುಂಡ ಮಾಡೋಣ ಎಂದವರು ಕೆಲವರು. ಉದ್ದನೆಯ ಹುಡುಗ ಒಪ್ಪಲಿಲ್ಲ. ಗರಗಸದಿಂದ ಪಟ್ಟಿ ಪಟ್ಟಿಯಾಗಿ ಕುಯ್ದು ಬಾಗುವ ಪರೀಕ್ಷೆ ಮಾಡಬೇಕು, ಪೆಟ್ಟು ಬಿದ್ದ ಕಡೆಯದೂ ಬೀಳದ ಕಡೆಯದೂ ಹೋಲಿಸಬೇಕು ಎಂದ. ಮತಕ್ಕೆ ಹಾಕಿದರು. ಗರಗಸ ಗೆದ್ದಿತು. ನಾನು ಸ್ಟುಟ್‌ಗಾರ್ಟಿನ ರೈಲು ಹಿಡಿದೆ.

ಮುಂದಿನ ಸ್ಪರ್ಧೆಯನ್ನು ಕೊರೊನಾ ಹಿಂದಕ್ಕೆ ತಳ್ಳಿತು; 2022ರ ಜೂನಿನಲ್ಲಿ ಬ್ರಾಂಡೆನ್‌ಬುರ್ಗ್ ಊರಿನ ಬೇಟ್ಸ್‌ಜೇ ಸರೋವರದಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ತಮ್ಮನ ಮಗಳು ಪದವಿ ಮುಗಿಸಿ ಸೇತುವೆ ದುರಸ್ತಿ ಮಾಡುವ ಕಚೇರಿಯೊಂದನ್ನು ಸೇರಿದ್ದಳು. ಕಿರಿಯರು ಮಿಶ್ರಣದ ಲೆಕ್ಕ ಕೇಳಿ ಬರೆದರು. ಇದ್ದಬದ್ದ ಕಡತಗಳನ್ನೆಲ್ಲ ಕಳುಹಿಸಿ, ಮೇಲೊಂದು ಸಾಲು ಸೇರಿಸಿದಳಂತೆ: ಎರಕದ ಕೆಲಸವನ್ನು ಏಪ್ರಿಲ್‌ನಲ್ಲೇ ಮುಗಿಸಿ, ಮೇ ತಿಂಗಳಿಡೀ ತಿರುವಿನ ಅಭ್ಯಾಸ ಮಾಡಿ. ಮೇ ಕೊನೆಯ ವಾರ ಉತ್ತರ ಬಂತು. ಅಚ್ಚಿಗೆ ಎಣ್ಣೆ ಸವರುತ್ತಿದ್ದೇವೆ ಎಂದು.